ತಾರಾಬಾಯಿ ಮೋಡಕ್

ತಾರಾಬಾಯಿ ಮೋಡಕ್ (19 ಏಪ್ರಿಲ್ 1892 – 31 ಆಗಸ್ಟ್ 1973) ಭಾರತದಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಗಿಜುಭಾಯಿ ಬಧೇಕಾ ಅವರೊಡನೆ ಗುಜರಾತಿನ ಭಾವನಗರದಲ್ಲಿ ಕೆಲಸ ಆರಂಭಿಸಿದ ಅವರು ಮುಂದೆ ಮುಂಬಯಿಯಲ್ಲಿಯೂ, ಆ ಬಳಿಕ ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಮತ್ತು ಕೋಸಬಾಡಗಳಲ್ಲಿಯೂ ಎಳೆಯ ಮಕ್ಕಳಿಗಾಗಿ ಆಟದ ಹಾಗೂ ಕಲಿಕೆಯ ತಾಣಗಳನ್ನು ಕಟ್ಟಿದರು. ಬಾಲವಾಡಿ ಎಂಬ ಕಲ್ಪನೆಗೆ ಹಳ್ಳಿಯ ನೆಲದಲ್ಲಿ ರೂಪ ಕೊಟ್ಟವರೆಂದು ಅವರು ಪ್ರಸಿದ್ಧರು. ಶಾಲೆಗೆ ಬಾರದ ಮಕ್ಕಳ ಕೇರಿಗೆ ಶಾಲೆಯನ್ನೇ ಒಯ್ದು, ಅವರ ಮನೆಯಂಗಳದಲ್ಲಿ ನಡೆಸಿದ ಅಂಗಣ ಬಾಲವಾಡಿಯು ಇಂದಿನ ಅಂಗನವಾಡಿಗೆ ಪೂರ್ವರೂಪವಾಯಿತು. 1962ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಕನ್ನಡ ಓದುಗರಿಗೆ ತಾರಾಬಾಯಿಯವರ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೆ ಅವರ ಕೆಲಸದಿಂದ ಹುಟ್ಟಿದ ಪದ ಕರ್ನಾಟಕದ ಪ್ರತಿ ಹಳ್ಳಿಯ ನಾಲಗೆಯ ಮೇಲಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಊರು ಕೇರಿಗಳಲ್ಲಿ, ಶಹಾಬಾದಿನ ಕಲ್ಲುಗಣಿಗಳ ಬದಿಯಲ್ಲಿ, ವಾಡಿಯ ರೈಲ್ವೆ ಮತ್ತು ಸಿಮೆಂಟು ವಸತಿಗಳ ನಡುವೆ ದಿನವೂ ಬೆಳಗ್ಗೆ ತೆರೆಯುವ ಪುಟ್ಟ ಕೋಣೆಗಳ ಚರಿತ್ರೆಯನ್ನು ಹಿಂದಕ್ಕೆ ಅರಸುತ್ತ ಹೋದರೆ ಸಿಗುವ ಮುಖ್ಯ ಹೆಸರುಗಳಲ್ಲಿ ಅವರದೂ ಒಂದು.

ಆರಂಭಿಕ ಜೀವನ

ತಾರಾಬಾಯಿಯವರು ಮುಂಬಯಿಯ ಕೇಳ್ಕರ್ ಮನೆತನದಲ್ಲಿ ಜನಿಸಿದರು. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಕುಟುಂಬಕ್ಕೆ ಪ್ರಾರ್ಥನಾ ಸಮಾಜದೊಡನೆ ನಿಕಟ ಸಂಬಂಧವಿತ್ತು. ಜಾತಿಯ ಕಟ್ಟುಪಾಡುಗಳನ್ನು ಪ್ರಶ್ನಿಸುತ್ತಿದ್ದ, ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಬೆಂಬಲಿಸುತ್ತಿದ್ದ ಈ ಸುಧಾರಣಾವಾದಿ ವಾತಾವರಣದಲ್ಲಿ ಬೆಳೆದುದರಿಂದ, ಆ ಕಾಲದ ಹೆಚ್ಚಿನ ಹುಡುಗಿಯರಿಗೆ ದೊರೆಯದ ಅವಕಾಶ ಅವರಿಗೆ ದೊರೆಯಿತು. 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದರು.

ಅಮರಾವತಿಯಲ್ಲಿ ವಕೀಲರಾಗಿದ್ದ ಮೋಡಕ್ ಅವರೊಡನೆ ವಿವಾಹವಾಯಿತು. ದಾಂಪತ್ಯ ಬಹುಕಾಲ ಉಳಿಯಲಿಲ್ಲ, 1921ರಲ್ಲಿ ವಿಚ್ಛೇದನವಾಯಿತು. ಮಗಳು ಪ್ರಭಾ ಆಗಿನ್ನೂ ಹಸುಳೆ. ಮಧ್ಯಮವರ್ಗದ ಹೆಣ್ಣುಮಗಳೊಬ್ಬಳು ಪತಿಯಿಂದ ಬೇರೆಯಾಗಿ, ಕೂಸನ್ನು ಎತ್ತಿಕೊಂಡು, ಪರಭಾಷೆಯ ಊರಿನಲ್ಲಿ ಉದ್ಯೋಗ ಹಿಡಿಯುವುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ತಾರಾಬಾಯಿಯವರು ಸೌರಾಷ್ಟ್ರದ ರಾಜಕೋಟದಲ್ಲಿ ಮಹಿಳೆಯರ ಕಾಲೇಜೊಂದರ ಪ್ರಾಂಶುಪಾಲರಾದರು. ಹುದ್ದೆ ಘನತೆಯದು, ಸಂಬಳ ನಿಶ್ಚಿತವಾದುದು. ಅದನ್ನು ಬಿಟ್ಟು ಅವರು ಭಾವನಗರಕ್ಕೆ ಹೋದದ್ದು ಬದುಕಿನ ಮುಖ್ಯ ತಿರುವು.

ಭಾವನಗರದ ಬಾಲಮಂದಿರ

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ಎಂಬ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದ್ದರು. ವಕೀಲಿ ವೃತ್ತಿ ತೊರೆದು ಆ ಸಂಸ್ಥೆಯನ್ನು ಸೇರಿದ ಗಿಜುಭಾಯಿ ಬಧೇಕಾ (1885–1939) ಅವರು 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ತೆರೆದರು. ತಮ್ಮ ಮಗನ ವಿದ್ಯಾಭ್ಯಾಸದ ಚಿಂತೆಯಿಂದ ಗಿಜುಭಾಯಿ ಓದತೊಡಗಿದ್ದು ಇಟಲಿಯ ವೈದ್ಯೆ ಮಾರಿಯಾ ಮಾಂಟೆಸೊರಿಯವರ ಗ್ರಂಥಗಳನ್ನು. 1920ರ ದಶಕದ ಮೊದಲ ಭಾಗದಲ್ಲಿ ತಾರಾಬಾಯಿಯವರು ಬಾಲಮಂದಿರ ಸೇರಿ, ಆ ದಶಕದ ಬಹುಭಾಗವನ್ನು ಅಲ್ಲಿಯೇ ಕಳೆದರು.

ಅಲ್ಲಿ ನಡೆದ ಪ್ರಯೋಗ ಅರ್ಥವಾಗಬೇಕಾದರೆ ಮಾಂಟೆಸೊರಿಯವರ ಮೂಲ ಕಲ್ಪನೆಯನ್ನು ತಿಳಿದಿರಬೇಕು. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಕಾರ್ಮಿಕರ ಬಡಾವಣೆಯಲ್ಲಿ ಅವರು ಮೊದಲ ಮಕ್ಕಳ ಮನೆಯನ್ನು ತೆರೆದಾಗ, ಕಟ್ಟಡದ ಮಾಲೀಕರಿಗಿದ್ದ ಆತಂಕ ಶಿಕ್ಷಣದ್ದಲ್ಲ. ತಂದೆತಾಯಿ ದುಡಿಯಲು ಹೋದಾಗ ಮಕ್ಕಳು ಗೋಡೆ, ಮೆಟ್ಟಿಲುಗಳನ್ನು ಹಾಳುಮಾಡುತ್ತಾರೆಂಬುದಷ್ಟೆ. ಹಾಗೆ ಕೂಡಿಹಾಕಲೆಂದು ಕೊಟ್ಟ ಕೋಣೆಯನ್ನು ಮಾಂಟೆಸೊರಿ ಮಗುವಿನ ಅಳತೆಗೆ ತಕ್ಕಂತೆ ಬದಲಿಸಿದರು. ಮಗುವೇ ಎತ್ತಿ ಸರಿಸಬಹುದಾದ ಹಗುರ ಕುರ್ಚಿ, ಮೇಜು. ಮಗುವಿನ ಕೈಗೆಟುಕುವ ಎತ್ತರದ ಕಪಾಟು. ಪ್ರತಿ ವಸ್ತುವಿಗೂ ನಿಶ್ಚಿತ ಸ್ಥಳ. ಯಾವುದನ್ನು ಎತ್ತಿಕೊಳ್ಳಬೇಕೆಂಬ ಆಯ್ಕೆ ಮಗುವಿನದು. ಶಿಕ್ಷಕಿ ಬದಿಯಲ್ಲಿದ್ದು ಗಮನಿಸುವವಳು. ಸ್ಥಳವನ್ನು ಸರಿಯಾಗಿ ಸಿದ್ಧಗೊಳಿಸಿದರೆ ಮಗುವನ್ನು ಗದರಿಸಿ ಕೂರಿಸುವ ಅಗತ್ಯವೇ ಬೀಳದು ಎಂಬುದು ಇದರ ಸಾರ. ಇದಕ್ಕೂ ಹಿಂದೆ, 1840ರಲ್ಲಿ, ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ತಮ್ಮ ಶಿಶುಶಾಲೆಗೆ ಮಕ್ಕಳ ತೋಟ ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟಿದ್ದರು. ಬಾಲವಾಡಿ ಎಂಬುದರಲ್ಲಿರುವ ವಾಡಿ ಪದಕ್ಕೂ ತೋಟವೆಂಬ ಅರ್ಥವಿದೆ.

ಗಿಜುಭಾಯಿ ಮತ್ತು ತಾರಾಬಾಯಿ ಈ ಪದ್ಧತಿಯನ್ನು ಇದ್ದಂತೆಯೇ ಆಮದು ಮಾಡಿಕೊಳ್ಳಲಿಲ್ಲ. ದುಬಾರಿಯಾದ ಯೂರೋಪಿನ ಉಪಕರಣಗಳ ಬದಲು ಸ್ಥಳೀಯ ಬಡಗಿಗಳಿಂದ ಮಾಡಿಸಿದ ಸಾಮಗ್ರಿಗಳು ಬಂದವು. ಮೇಜು ಕುರ್ಚಿಗಳಿಗಿಂತ ನೆಲದ ಮೇಲಿನ ಚಾಪೆ ನಮ್ಮ ಮಕ್ಕಳಿಗೆ ಸಹಜವಾಯಿತು. ಎಳೆಯ ಮಕ್ಕಳಿಗೆ ಕಲ್ಪಿತ ಕಥೆಗಳನ್ನು ಹೇಳುವ ವಿಷಯದಲ್ಲಿ ಮಾಂಟೆಸೊರಿಯವರಿಗೆ ಒಲವಿರಲಿಲ್ಲ. ಭಾವನಗರದಲ್ಲಿ ಮಾತ್ರ ಜನಪದ ಕಥೆ, ಹಾಡು, ಕುಣಿತ, ನಾಟಕಗಳು ದಿನಚರಿಯ ಮುಖ್ಯ ಭಾಗವಾದವು. ಈ ಮಾರ್ಪಾಟು ಸಣ್ಣದಲ್ಲ. ಅಜ್ಜಿಕಥೆಯನ್ನು ಹೊರಗಿಟ್ಟ ಶಿಶುಶಾಲೆ ಭಾರತದ ಹಳ್ಳಿಗಳಲ್ಲಿ ಬೇರೂರುತ್ತಿತ್ತೆಂದು ಊಹಿಸುವುದು ಕಷ್ಟ.

1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಸಂಘದ ಮುಖವಾಣಿಯಾಗಿ ಶಿಕ್ಷಣ ಪತ್ರಿಕಾ ಗುಜರಾತಿಯಲ್ಲಿ ಹೊರಟಿತು. ಮರಾಠಿ ಆವೃತ್ತಿಯನ್ನು ತಾರಾಬಾಯಿಯವರು ಸಂಪಾದಿಸಿದರು. ಮಗುವನ್ನು ಹೊಡೆಯಬಾರದು, ಹೆದರಿಸಬಾರದು, ಲಂಚದಂತೆ ಬಹುಮಾನ ತೋರಿಸಬಾರದು ಎಂಬ ವಿಚಾರಗಳನ್ನು ಪೋಷಕರಿಗೂ ಶಿಕ್ಷಕರಿಗೂ ತಿಳಿಯುವ ಭಾಷೆಯಲ್ಲಿ ಮುಟ್ಟಿಸುವುದು ಪತ್ರಿಕೆಯ ಉದ್ದೇಶವಾಗಿತ್ತು.

ಮುಂಬಯಿಯ ಶಿಶುವಿಹಾರ

1930ರ ದಶಕದ ಆರಂಭದಲ್ಲಿ ತಾರಾಬಾಯಿಯವರು ಮುಂಬಯಿಗೆ ಮರಳಿದರು. 1936ರಲ್ಲಿ ದಾದರಿನಲ್ಲಿ ಶಿಶುವಿಹಾರ ಆರಂಭವಾಯಿತು. ಅದರೊಂದಿಗೆ ಶಿಕ್ಷಕಿಯರ ತರಬೇತಿಯೂ ನಡೆಯಿತು. 1939ರ ಜೂನ್‌ನಲ್ಲಿ ಗಿಜುಭಾಯಿ ತೀರಿಕೊಂಡ ಬಳಿಕ ಸಂಘದ ಹೊಣೆ ಮುಖ್ಯವಾಗಿ ಅವರ ಹೆಗಲಿಗೆ ಬಂತು. ಅದೇ ವರ್ಷದ ಕೊನೆಯಲ್ಲಿ ಮಾಂಟೆಸೊರಿ ಸ್ವತಃ ಮದರಾಸಿಗೆ ಬಂದಿಳಿದು, ಎರಡನೆಯ ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ಅಡ್ಯಾರ್, ಕೊಡೈಕೆನಾಲ್ ಮೊದಲಾದೆಡೆ ಶಿಕ್ಷಕರನ್ನು ತರಬೇತಿಗೊಳಿಸಿದರು. ಹೀಗೆ ಮಾಂಟೆಸೊರಿ ಪದ್ಧತಿ ನಗರಗಳಲ್ಲಿ ಹೆಸರು ಮಾಡಿತು. ಹೆಸರು ಮಾಡಿದಂತೆಯೇ ಶುಲ್ಕ ತೆರಬಲ್ಲವರ ಸೊತ್ತೂ ಆಗುತ್ತ ಹೋಯಿತು. ರೋಮಿನ ಕೂಲಿಕಾರರ ಕೇರಿಯಲ್ಲಿ ಹುಟ್ಟಿದ ಪದ್ಧತಿಗೆ ಒದಗಿದ ಈ ಗತಿ ವಿಚಿತ್ರವಾದುದು.

ಕನ್ನಡ ನಾಡಿನಲ್ಲಿಯೂ ಇದೇ ಕಾಲದಲ್ಲಿ ಮಕ್ಕಳಿಗಾಗಿ ಬೇರೆ ಬಗೆಯ ತಾಣಗಳು ಮೂಡುತ್ತಿದ್ದವು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿದರು. ಬೆಂಗಳೂರಿನಲ್ಲಿ ಸರಸ್ವತಿ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು 1930ರ ದಶಕದ ಕೊನೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಅವರೆಲ್ಲರ ಹಾದಿಗಳು ಬೇರೆ. ಮಗುವಿಗೆ ತನ್ನದೇ ಆದ ಜಾಗ ಬೇಕೆಂಬ ನಂಬಿಕೆ ಒಂದೇ.

ಬೋರ್ಡಿ: ಅಂಗಳಕ್ಕೆ ಬಂದ ಶಾಲೆ

1945ರ ಜನವರಿಯಲ್ಲಿ ಸೇವಾಗ್ರಾಮದಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಗಾಂಧೀಜಿಯವರ ನಯೀ ತಾಲೀಮ್ ಕಲ್ಪನೆ ಏಳು ವರ್ಷದೊಳಗಿನ ಮಕ್ಕಳನ್ನೂ ಒಳಗೊಂಡು, ಪೂರ್ವ ಬುನಾದಿ ಶಿಕ್ಷಣವೆಂಬ ಹಂತವೊಂದು ಸೇರಿತು. ಹಳ್ಳಿಯ ಬಡ ಮಗುವಿಗೆ ಎಟುಕುವ, ಕಾಸು ಖರ್ಚಾಗದ ಶಿಶುಶಿಕ್ಷಣ ಹೇಗಿರಬೇಕೆಂಬ ಪ್ರಶ್ನೆಗೆ ದಾದರಿನಲ್ಲಿ ಕುಳಿತು ಉತ್ತರ ಹುಡುಕಲಾಗದೆಂದು ತಾರಾಬಾಯಿಯವರಿಗೆ ಮನವರಿಕೆಯಾಗಿತ್ತು. 1945ರ ಕೊನೆಯಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ಮುಂಬಯಿಯಿಂದ ಉತ್ತರಕ್ಕೆ ಕಡಲಂಚಿನಲ್ಲಿರುವ ಬೋರ್ಡಿ ಗ್ರಾಮದಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಮರಾಠಿ ಮತ್ತು ಗುಜರಾತಿ ನುಡಿಗಳು ಬೆರೆಯುವ ಈ ಪ್ರದೇಶ ಈಗ ಪಾಲಘರ್ ಜಿಲ್ಲೆಗೆ ಸೇರಿದೆ. ಸುತ್ತಲಿನ ವಾರಲಿ ಆದಿವಾಸಿಗಳು ಜಮೀನ್ದಾರರ ಬಿಟ್ಟಿಚಾಕರಿಯ ವಿರುದ್ಧ ಗೋದಾವರಿ ಪರುಳೇಕರ್ ಮೊದಲಾದವರ ನೇತೃತ್ವದಲ್ಲಿ ಎದ್ದು ನಿಂತದ್ದೂ ಇದೇ ವರ್ಷ.

ಈ ಕೆಲಸದಲ್ಲಿ ಅವರಿಗೆ ಜೊತೆಯಾದವರು ಅನುತಾಯಿ ವಾಘ್ (1910–1992). ಬಾಲ್ಯದಲ್ಲಿಯೇ ಮದುವೆಯಾಗಿ, ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಓದಿ ಪುಣೆಯಲ್ಲಿ ಶಿಕ್ಷಕಿಯಾಗಿದ್ದ ಅನುತಾಯಿಯವರು 1945ರಲ್ಲಿ ಗ್ರಾಮಸೇವಿಕೆಯರ ಶಿಬಿರದಲ್ಲಿ ತಾರಾಬಾಯಿಯವರನ್ನು ಭೇಟಿಯಾದರು. ಬೋರ್ಡಿಗೆ ಬಂದವರು ಹಿಂದಿರುಗಲಿಲ್ಲ. ತಾರಾಬಾಯಿಯವರ ನಂತರವೂ ಎರಡು ದಶಕ ಸಂಸ್ಥೆಯನ್ನು ನಡೆಸಿದವರು ಅವರೇ.

ಬೋರ್ಡಿಯ ಕೇಂದ್ರ ಬಾಲವಾಡಿ ಸುಸಜ್ಜಿತವಾಗಿಯೇ ಇತ್ತು. ತೊಂದರೆ ಇದ್ದದ್ದು ಬೇರೆ ಕಡೆ: ಯಾರಿಗಾಗಿ ತೆರೆದರೋ ಆ ಮಕ್ಕಳೇ ಬರಲಿಲ್ಲ. ಊರ ಹೊರಗಿನ ಹರಿಜನ ಕೇರಿಯ ಮಕ್ಕಳಿಗೆ ಊರೊಳಗಿನ ಕಟ್ಟಡದ ಹೊಸ್ತಿಲು ದಾಟುವುದು ಸುಲಭವಾಗಿರಲಿಲ್ಲ. ಬೆಳಕು ಹರಿಯುವ ಮುನ್ನ ಕೂಲಿಗೆ ಹೊರಡುವ ತಾಯಿಗೆ ಮಗುವನ್ನು ತೊಳೆದು, ಬಟ್ಟೆ ತೊಡಿಸಿ, ಕೈಹಿಡಿದು ಕರೆತರುವ ಬಿಡುವಿರಲಿಲ್ಲ. ಬಾರದ ಮಗುವಿನ ತಂದೆತಾಯಿಯನ್ನು ದೂರುವುದು ಶಿಕ್ಷಣ ಸಂಸ್ಥೆಗಳ ಹಳೆಯ ಚಾಳಿ. ತಾರಾಬಾಯಿಯವರು ದೂರಲಿಲ್ಲ, ಬಾಲವಾಡಿಯನ್ನು ಎತ್ತಿಕೊಂಡು ಕೇರಿಗೆ ನಡೆದರು.

ಹೀಗೆ ಹುಟ್ಟಿದ್ದು ಅಂಗಣ ಬಾಲವಾಡಿ. ಶಿಕ್ಷಕಿ ಕೆಲವು ಸಾಮಗ್ರಿಗಳನ್ನು ಹೊತ್ತು ಕೇರಿಯ ಯಾವುದಾದರೂ ಮನೆಯ ಅಂಗಳಕ್ಕೆ ಅಥವಾ ಮರದ ನೆರಳಿಗೆ ಹೋಗುವಳು. ಮಕ್ಕಳೊಡನೆ ಸೇರಿ ನೆಲ ಗುಡಿಸಿ, ನೀರು ಚಿಮುಕಿಸುವಳು. ಕೈಕಾಲು ಮುಖ ತೊಳೆಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಇವೆಲ್ಲ ಪಾಠಕ್ಕೆ ಮುನ್ನ ಮುಗಿಸಬೇಕಾದ ಚಾಕರಿಯಾಗಿರದೆ ದಿನದ ಮೊದಲ ಕಾರ್ಯಕ್ರಮವಾಗಿಯೇ ನಡೆಯುತ್ತಿದ್ದವು. ಆಮೇಲೆ ಹಾಡು, ಆಟ, ಕಥೆ. ಅಂಗಳಕ್ಕೆ ಬಾಗಿಲಿಲ್ಲದ ಕಾರಣ ಅಜ್ಜಿಯರು, ಬಾಣಂತಿಯರು, ಕೆಲಸವಿಲ್ಲದ ದಿನ ಮನೆಯಲ್ಲಿದ್ದ ಗಂಡಸರು ಎಲ್ಲರೂ ಕಾಣುತ್ತಿದ್ದರು. ಮಗುವಿಗೆಂದು ನಡೆದ ಪಾಠ ಮನೆಯವರಿಗೂ ತಲುಪುವ ಈ ಬಗೆಯನ್ನು ಯಾವ ಕಟ್ಟಡವೂ ಕೊಡಲಾರದಾಗಿತ್ತು.

ಆಟದ ತಾಣದ ಸ್ವರೂಪ

ತಾರಾಬಾಯಿಯವರ ಕೊಡುಗೆಯಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು ಆಟದ ಜಾಗವನ್ನು ಅಣಿಗೊಳಿಸುವ ಕ್ರಮ. ಮಾಂಟೆಸೊರಿ ಉಪಕರಣಗಳ ಉದ್ದೇಶವನ್ನು ಉಳಿಸಿಕೊಂಡು ವಸ್ತುವನ್ನು ಬದಲಿಸುವುದು ಅದರ ತಿರುಳು. ಗಾತ್ರದ ತಾರತಮ್ಯ ತಿಳಿಯಲು ನುಣುಪಾದ ಮರದ ತುಂಡುಗಳೇ ಆಗಬೇಕೆಂದಿಲ್ಲ, ಕಡಲ ದಂಡೆಯ ಕಪ್ಪೆಚಿಪ್ಪುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೂ ಸಾಕು. ಬಣ್ಣಗಳ ಪರಿಚಯಕ್ಕೆ ಹೂವು ಎಲೆಗಳಿವೆ. ಎಣಿಕೆಗೆ ಬೀಜಗಳು, ಬೆರಳಿನ ಹಿಡಿತಕ್ಕೆ ಹೂ ಪೋಣಿಸುವುದು, ಕೈಯಳತೆಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮರಳು ಅಥವಾ ನೀರು ಸುರಿಯುವುದು, ಕಲ್ಪನೆಗೆ ಹಸಿ ಮಣ್ಣು.

ವಸ್ತುಗಳನ್ನು ರಾಶಿ ಹಾಕುವುದರಿಂದ ಆಟದ ತಾಣವಾಗದು. ಮಗು ಬಗ್ಗದೆ, ಹತ್ತದೆ, ಯಾರನ್ನೂ ಕೇಳದೆ ತೆಗೆದುಕೊಳ್ಳುವಂತೆ ಅವು ಕಣ್ಣೆದುರು ಇರಬೇಕು. ಒಂದೊಂದಕ್ಕೂ ಬುಟ್ಟಿಯೋ ತಟ್ಟೆಯೋ ಇದ್ದು, ಆಡಿದ ಮೇಲೆ ಅಲ್ಲಿಗೇ ಹಿಂದಿರುಗಬೇಕು. ಏಕಾಂತ ಬಯಸುವ ಮಗುವಿಗೆ ಒಂದು ಮೂಲೆ, ಓಡಾಡುವ ಮಕ್ಕಳಿಗೆ ಬಯಲು, ಕೈ ಕೆಸರಾದರೆ ತೊಳೆಯಲು ಹತ್ತಿರದಲ್ಲಿ ನೀರು, ಎಲ್ಲರೂ ವೃತ್ತವಾಗಿ ಕೂರಲು ನೆರಳು. ಇಷ್ಟಿದ್ದರೆ ಮಕ್ಕಳನ್ನು ಕರೆಯಲೇಬೇಕಾಗಿಲ್ಲ, ಜಾಗವೇ ಕರೆಯುತ್ತದೆ. ಪೊರಕೆ, ಚೆಂಬು, ಬಕೆಟ್ಟುಗಳೂ ಮಗುವಿನ ಅಳತೆಯವೇ ಆಗಬೇಕೆಂಬುದನ್ನು ಗಮನಿಸಬೇಕು. ಗುಡಿಸುವುದು ಮೂರು ವರ್ಷದ ಮಗುವಿಗೆ ಕೆಲಸವಲ್ಲ, ಆಟ. ದೊಡ್ಡವರ ಪೊರಕೆ ಕೊಟ್ಟರೆ ಮಾತ್ರ ಅದು ಕೆಲಸವಾಗುತ್ತದೆ.

ಹಳ್ಳಿಯ ವಸ್ತುಗಳನ್ನು ಬಳಸಿದ್ದರ ಹಿಂದೆ ಬಡತನದ ಅನಿವಾರ್ಯತೆಯಿತ್ತೆಂಬುದು ನಿಜ. ಆದರೆ ಅಷ್ಟೇ ಅಲ್ಲ. ತನ್ನ ಮನೆಯ ಹಿತ್ತಲಿನ ಬೀಜವೇ ಶಾಲೆಯ ಸಾಮಗ್ರಿಯಾದಾಗ ಮಗು ಮನೆಗೆ ಹೋಗಿಯೂ ಆ ಆಟ ಮುಂದುವರಿಸಬಲ್ಲದು. ಪೇಟೆಯಿಂದ ತಂದ ಆಟಿಕೆ ಒಡೆದರೆ ಶಿಕ್ಷಕಿ ಲೆಕ್ಕ ಕೊಡಬೇಕು. ಚಿಪ್ಪು ಒಡೆದರೆ ದಂಡೆಯಲ್ಲಿ ಇನ್ನೊಂದಿದೆ. ಸಾಮಗ್ರಿಯ ಭಯವಿಲ್ಲದ ಶಿಕ್ಷಕಿ ಮಾತ್ರ ಮಗುವನ್ನು ನಿರ್ಭಯವಾಗಿ ಆಡಲು ಬಿಡಬಲ್ಲಳು. ಶಾಲಾಪೂರ್ವ ಶಿಕ್ಷಣದ ಯೋಜನೆಗಳಲ್ಲಿ ಇಂದಿಗೂ ಬಹಳ ಸಲ ಮರೆತುಹೋಗುವ ಅಂಶವಿದು.

ಕೋಸಬಾಡದ ಗುಡ್ಡ

1950ರ ದಶಕದ ಉತ್ತರಾರ್ಧದಲ್ಲಿ ಸಂಸ್ಥೆ ಬೋರ್ಡಿಯಿಂದ ಒಳನಾಡಿನ ಕೋಸಬಾಡ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಸ್ಥಳಾಂತರಗೊಂಡಿತು. ಇಲ್ಲಿ ಸಮಸ್ಯೆಯ ಸ್ವರೂಪವೇ ಬದಲಾಯಿತು. ಅಂಗಳಕ್ಕೆ ಹೋದರೂ ಆರೇಳು ವರ್ಷ ದಾಟಿದ ಮಕ್ಕಳು ಅಲ್ಲಿರುತ್ತಿರಲಿಲ್ಲ. ಹುಡುಗರು ದನದ ಹಿಂದೆ ಹುಲ್ಲುಗಾವಲಿನಲ್ಲಿ, ಹುಡುಗಿಯರ ಕಂಕುಳಲ್ಲಿ ತಮ್ಮ ತಂಗಿಯರು.

ಎರಡಕ್ಕೂ ಎರಡು ಉತ್ತರಗಳು ರೂಪುಗೊಂಡವು. ದನಗಾಹಿ ಮಕ್ಕಳಿಗಾಗಿ ಕುರಣ ಶಾಲೆ, ಅಂದರೆ ಹುಲ್ಲುಗಾವಲಿನ ಶಾಲೆ, ನಡೆಯಿತು. ದನ ಮೇಯುವಲ್ಲಿಗೇ ಶಿಕ್ಷಕರು ಹೋದರು. ಕೂಸು ಕಾಯುವ ಹುಡುಗಿಯರಿಗಾಗಿ ವಿಕಾಸವಾಡಿ ಬಂದಿತು. ಶಿಶುಪಾಲನಾ ಕೇಂದ್ರ, ಬಾಲವಾಡಿ ಮತ್ತು ಪ್ರಾಥಮಿಕ ಶಾಲೆಗಳು ಒಂದೇ ಆವರಣದಲ್ಲಿದ್ದುದರಿಂದ, ಅಕ್ಕ ಕಂಕುಳ ಕೂಸನ್ನು ಒಂದೆಡೆ, ನಾಲ್ಕು ವರ್ಷದ ತಮ್ಮನನ್ನು ಇನ್ನೊಂದೆಡೆ ಬಿಟ್ಟು ತಾನು ತರಗತಿಯಲ್ಲಿ ಕೂರಬಹುದಾಗಿತ್ತು. ಹೆಣ್ಣುಮಕ್ಕಳು ಶಾಲೆ ಬಿಡಲು ಅವರ ನಿರಾಸಕ್ತಿಯನ್ನು ಕಾರಣವಾಗಿ ಹೇಳುತ್ತಿದ್ದ ಕಾಲದಲ್ಲಿ, ಮನೆಯ ಕೂಸಿಗೆ ಒಂದು ತಾಣ ಸಿಕ್ಕರೆ ಅಕ್ಕನಿಗೆ ಶಾಲೆ ಸಿಗುತ್ತದೆಂಬುದನ್ನು ವಿಕಾಸವಾಡಿ ತೋರಿಸಿಕೊಟ್ಟಿತು. ತಾರಾಬಾಯಿಯವರ ಪ್ರಯೋಗಗಳಲ್ಲಿ ಅತ್ಯಂತ ದೂರದೃಷ್ಟಿಯದು ಇದೇ ಎನ್ನಬಹುದು.

ಕೊನೆಯ ವರ್ಷಗಳು

1962ರ ಪದ್ಮಭೂಷಣದ ನಂತರವೂ ಅವರು ಬರವಣಿಗೆ ಮತ್ತು ಮಾರ್ಗದರ್ಶನ ಮುಂದುವರಿಸಿದರು. ಅವರ ಖಾಸಗಿ ಬದುಕು ಸುಗಮವಾಗಿರಲಿಲ್ಲ. ಸಾವಿರಾರು ಮಕ್ಕಳಿಗೆ ತಾಯಿಯಾದವರ ಸ್ವಂತ ಮನೆಯ ನೋವುಗಳು ಮರಾಠಿ ನಾಟಕಕಾರ ರತ್ನಾಕರ ಮತ್ಕರಿಯವರ ಘರ್ ತಿಘಾಂಚಂ ಹವಂ ಎಂಬ ನಾಟಕಕ್ಕೆ ವಸ್ತುವಾದವು. 1973ರ ಆಗಸ್ಟ್ 31ರಂದು ತಾರಾಬಾಯಿಯವರು ನಿಧನರಾದರು. ಮಾರಿಯಾ ಮಾಂಟೆಸೊರಿ ಹುಟ್ಟಿದ್ದೂ ಆಗಸ್ಟ್ 31ರಂದೇ (1870). ಇದು ಕೇವಲ ಕಾಕತಾಳೀಯ. ಸಹೋದ್ಯೋಗಿ ಅನುತಾಯಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಅಂಗನವಾಡಿಯಾಗಿ ಮುಂದುವರಿದ ಕೆಲಸ

ತಾರಾಬಾಯಿಯವರು ತೀರಿಕೊಂಡ ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸಿಕೊಡುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ನೀಡುವ ಕೇಂದ್ರಕ್ಕೆ ಅಂಗನವಾಡಿ ಎಂಬ ಹೆಸರು ಬಂದಿತು. ಇಂದು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಬೋರ್ಡಿಯಲ್ಲಿ ಕೆಲಸ ಆರಂಭವಾದಾಗ ಕಲಬುರಗಿ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯದ ಭಾಗವಾದ ಈ ಸೀಮೆಗೆ ಶಿಕ್ಷಣದ ಸೌಲಭ್ಯಗಳು ತಡವಾಗಿ ಬಂದವು. ಹೀಗಾಗಿ ಇಲ್ಲಿನ ಅನೇಕ ಕುಟುಂಬಗಳಲ್ಲಿ ಅಂಗನವಾಡಿಯ ನೆಲದ ಮೇಲೆ ಕುಳಿತ ಮಗುವೇ ಶಾಲೆಯೆಂಬುದರ ಒಳಹೊಕ್ಕ ಮೊದಲಿಗ.

ತಾರಾಬಾಯಿಯವರು ಎದುರಿಸಿದ ಪ್ರಶ್ನೆಗಳು ಈ ಭಾಗದಲ್ಲಿ ಬೇರೆ ವೇಷದಲ್ಲಿ ಉಳಿದಿವೆ. ಚಿಂಚೋಳಿಯ ಲಂಬಾಣಿ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುತ್ತವೆ. ಹೈದರಾಬಾದಿನ ಹಾದಿ ಕವಲೊಡೆಯುವ ವಾಡಿ ಜಂಕ್ಷನ್ನಿನ ಫಲಾಟಿನಲ್ಲಿ ಗಂಟುಮೂಟೆಗಳ ಮೇಲೆ ಕುಳಿತ ಮಕ್ಕಳು ಅಂಗನವಾಡಿಯ ಹಾಜರಿಪುಸ್ತಕದಲ್ಲಿ ಗೈರುಹಾಜರಿಯಾಗಿ ಮಾತ್ರ ಕಾಣುತ್ತಾರೆ. ಶಹಾಬಾದಿನ ಸುತ್ತ ಕಲ್ಲು ತೆಗೆದು ಬಿಟ್ಟ ಗುಂಡಿಗಳು ಮಳೆಗಾಲದಲ್ಲಿ ನೀರು ತುಂಬಿ ನಿಲ್ಲುವುದರಿಂದ, ಅಲ್ಲಿ ಎಳೆಯರಿಗೆ ಕಾವಲಿರುವ ಆಟದ ಜಾಗವೆಂಬುದು ಕಲಿಕೆಗಿಂತ ಮೊದಲು ಜೀವದ ಪ್ರಶ್ನೆ. ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳ ಗಡಿಯ ಊರುಗಳಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಎರಡು ಭಾಷೆಗಳ ಬೋರ್ಡಿಯಲ್ಲಿ ದುಡಿದವರಿಗೆ ಇದು ಹೊಸದಾಗಿ ತೋರುತ್ತಿರಲಿಲ್ಲ. ನುಡಿ ಬೇರೆಯಾದಲ್ಲಿ ಹಾಡು ಮತ್ತು ಆಟ ಮೊದಲು ಬರುತ್ತವೆ, ಅಕ್ಷರ ಆಮೇಲೆ.

ಸಾಮಗ್ರಿಯ ವಿಷಯದಲ್ಲಿ ಈ ನಾಡಿಗೆ ಕೊರತೆಯಿಲ್ಲ. ಜೋಳದ ದಂಟು ಸೀಳಿ, ಒಳಗಿನ ಬೆಂಡಿಗೆ ಸಿಬರು ಚುಚ್ಚಿ ಚಕ್ಕಡಿ ಕಟ್ಟುವ ಕೈಗಳು ಇಲ್ಲಿಯ ಮನೆಮನೆಯಲ್ಲಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು, ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ಜೋಕಾಲಿ ಎಂದು ಹಬ್ಬಗಳೇ ಮಕ್ಕಳ ಕೈಗೆ ಕೆಲಸ ಕೊಡುತ್ತವೆ. ಹುಣಸೆಬೀಜ, ಗಜ್ಜುಗ, ಸೀತಾಫಲದ ಬೀಜ, ಬಳೆಚೂರುಗಳು ಎಣಿಕೆಗೂ ವಿಂಗಡಣೆಗೂ ಒದಗುತ್ತವೆ. ನೆಲಕ್ಕೆ ಹಾಸಿದ ಶಹಾಬಾದಿ ಫರಸಿಯೇ ಒಂದು ದೊಡ್ಡ ಪಾಟಿ. ಬಳಪದಲ್ಲಿ ಬರೆದು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮಹಾರಾಷ್ಟ್ರದ ಹಳೆಯ ಮನೆ ಮತ್ತು ಶಾಲೆಗಳಲ್ಲಿಯೂ ಈ ಕಲ್ಲು ಶಹಾಬಾದಿ ಫರಶಿ ಎಂದೇ ಮನೆಮಾತು.

ಆದರೆ ಅಂಗನವಾಡಿಯೆಂದರೆ ಜನರ ಮನಸ್ಸಿಗೆ ಬರುವುದು ಮೊಟ್ಟೆ, ಪುಷ್ಟಿ ಹಿಟ್ಟು, ತೂಕದ ತಕ್ಕಡಿ. ಆರು ಸೇವೆಗಳಲ್ಲಿ ಎಣಿಸಿ ವರದಿ ಕಳಿಸಬಹುದಾದವು ಮುಂದೆ ಬಂದು, ಎಣಿಸಲಾಗದ ಆಟ ಹಿಂದೆ ಸರಿದದ್ದು ಅಚ್ಚರಿಯಲ್ಲ. ಹಲವೆಡೆ ಆಟಿಕೆಗಳು ಒಡೆದಾವೆಂಬ ಭಯದಿಂದ ಟ್ರಂಕಿನಲ್ಲಿ ಬೀಗದೊಳಗಿರುತ್ತವೆ, ಗೋಡೆಯ ಚಿತ್ರಗಳು ಮಗುವಿನ ಕಣ್ಣಿಗಿಂತ ಬಹಳ ಮೇಲಿರುತ್ತವೆ. ಇದಕ್ಕೆ ಕಾರ್ಯಕರ್ತೆಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ಸಂಬಳವಲ್ಲದ ಗೌರವಧನಕ್ಕೆ ದುಡಿಯುವ ಆಕೆಯ ಮೇಲೆ ಮಕ್ಕಳ ಪಾಠದ ಜೊತೆ ಗರ್ಭಿಣಿಯರ ದಾಖಲೆ, ಆಹಾರದ ಲೆಕ್ಕ, ಹತ್ತಾರು ಸಮೀಕ್ಷೆಗಳ ಹೊರೆಯೂ ಇದೆ.

2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯಲು ಕ್ರಮ ಕೈಗೊಂಡಾಗ, ಇದರಿಂದ ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಪ್ರತಿಭಟಿಸಿದರು. ಪೋಷಕರ ಒಲವು ಅಕ್ಷರ ಮತ್ತು ಇಂಗ್ಲಿಷಿನ ಕಡೆಗಿರುವುದು ಸ್ಪಷ್ಟ. ಮೂರು ವರ್ಷದ ಮಗುವಿನ ಮಣ್ಣಾಟವನ್ನು ಕಲಿಕೆಯೆಂದು ಅವರಿಗೆ ಮನಗಾಣಿಸುವುದು ಭಾವನಗರದ ದಿನಗಳಷ್ಟೇ ಇಂದಿಗೂ ಕಷ್ಟದ ಕೆಲಸ. ಇನ್ನೊಂದೆಡೆ, ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ಕೂಸಿನ ಮನೆಗಳು ತೆರೆಯುತ್ತಿವೆ. ಕೂಸನ್ನು ಬಿಡಲು ಒಂದು ತಾಣವಿದ್ದರೆ ತಾಯಿ ದುಡಿಮೆಗೂ ಅಕ್ಕ ಶಾಲೆಗೂ ಹೋಗಬಹುದೆಂಬ ಕೋಸಬಾಡದ ವಿಕಾಸವಾಡಿಯ ಲೆಕ್ಕಾಚಾರವನ್ನು ಈ ಯೋಜನೆಯಲ್ಲಿ ಗುರುತಿಸಬಹುದು.